ಏಡಿ ಸೊಸೈಟಿಯ ಶಿಲ್ಕು

ನಮ್ಮ ಕಡೆ ಸಭೆ ಯಾವುದೇ ಇರಲಿ, ರಾಜ್ಯೋತ್ಸವವೋ ನಿವೃತ್ತಿಯ ಬೀಳ್ಕೊಡುಗೆಯೋ ಗಣಪತಿ ಮಂಟಪದ ಬಹುಮಾನ ವಿತರಣೆಯೋ, ಮುಖ್ಯ ಅತಿಥಿಗಳು ಎದ್ದು ಮೈಕನ್ನು ಎರಡು ಸಲ ತಟ್ಟಿ ಶಾಲು ಸರಿಮಾಡಿಕೊಂಡರೆಂದರೆ ನನಗೆ ತಳಮಳ ಶುರುವಾಗುತ್ತದೆ. ಹತ್ತು ನಿಮಿಷದೊಳಗೆ ಏಡಿ ಬಂದೇ ಬರುತ್ತದೆ. ಹಡಗಿನೊಳಗೆ ದೇಶದೇಶದ ಏಡಿಗಳ ಬುಟ್ಟಿ ಇದ್ದವಂತೆ, ಎಲ್ಲಕ್ಕೂ ಮುಚ್ಚಳವಂತೆ, ಒಂದಕ್ಕೆ ಮಾತ್ರ ಇರಲಿಲ್ಲವಂತೆ. ಯಾಕೆಂದರೆ ಅದರಲ್ಲಿದ್ದವು ನಮ್ಮ ಏಡಿ. ಒಂದು ಮೇಲೆ ಹತ್ತಿದರೆ ಉಳಿದವು ಕಾಲು ಹಿಡಿದು ಜಗ್ಗುತ್ತವೆ. ಇಷ್ಟು ಹೇಳಿ ಅತಿಥಿಗಳು ಒಂದು ಗುಟುಕು ನೀರು ಕುಡಿಯುತ್ತಾರೆ. ಯಾರನ್ನು ಏಡಿ ಎಂದು ಬೈದರೋ ಆ ಜನವೇ ಚಪ್ಪಾಳೆ ತಟ್ಟುತ್ತದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಅತಿಥಿಗಳಿಗೆ ಎಲ್ಲಾದರೂ ಮರೆವು ಬಂದರೆ ಕೂತಲ್ಲಿಂದಲೇ ಮುಂದಿನ ಸಾಲು ಎತ್ತಿಕೊಡಬಲ್ಲೆ. ಮೊದಲು ನಾನೂ ಚಪ್ಪಾಳೆ ತಟ್ಟುತ್ತಿದ್ದೆ, ಸುಳ್ಳೇಕೆ. ಕಳೆದ ನವೆಂಬರಿನಲ್ಲಿ ಮಾತ್ರ ಕೈಕಟ್ಟಿ ಮುಖ ಗಂಟು ಹಾಕಿಕೊಂಡು ಕೂತೆ. ಆ ಹೊತ್ತಿಗೆ ನಾನು ಏಡಿ ಸೊಸೈಟಿಯ ಮೆಂಬರು ಆಗಿದ್ದೆ.

ಈ ಸುದ್ದಿಯನ್ನು ಊರ ಕಟ್ಟೆಯ ಮೇಲೆ ಹೇಳಿದ್ದು ನನ್ನ ತಪ್ಪು. ಉಪ್ಪಿನ ಬೆಟಗೇರಿಯಂಥ ಊರಲ್ಲಿ ಸೊಸೈಟಿ ಅಂದರೆ ಒಂದೇ ಅರ್ಥ: ಬೀಜ, ಗೊಬ್ಬರ, ಬೆಳೆಸಾಲ. ಕಟ್ಟೆಯ ಮೇಲಿದ್ದವರೊಬ್ಬರು ಬಾಯೊಳಗಿನ ಎಲೆಅಡಿಕೆ ಒಂದು ಮಗ್ಗುಲಿಗೆ ದೂಡಿ, "ಎಷ್ಟ ಷೇರು ತೊಗೊಂಡೀರಿ ಮಾಸ್ತರ?" ಅಂದರು. ಷೇರು ಇಲ್ಲ ಅಂದೆ. "ಮತ್ತ ಸಾಲಾ?" ಅದೂ ಇಲ್ಲ. "ಡಿವಿಡೆಂಡು?" ಇಲ್ಲವೇ ಇಲ್ಲ. "ಹಂಗಾದ್ರ ಆ ಸೊಸೈಟಿ ಮಾಡೂದರ ಏನು?" ಏಡಿ, ಸೀಗಡಿಗಳ ಅಭ್ಯಾಸ ಮಾಡುತ್ತದೆ ಅಂದೆ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಹುಡುಗ, "ಏಡಿಗೆ ಬೆಳಿ ವಿಮಾ ಐತೇನ್ರಿ ಸರ್?" ಅಂದ. ಅಂದಿನಿಂದ ನಾನು ಹಾದುಹೋಗುವಾಗ "ಚೇರಮನ್ರು ಬಂದ್ರು" ಎನ್ನುವುದು ವಾಡಿಕೆಯಾಯಿತು.

ಅವರನ್ನು ಬೈದು ಉಪಯೋಗವಿಲ್ಲ. ಇಲ್ಲಿಂದ ಗದಗಿನ ಕಡೆ ಹೊರಟರೆ ಕಣಗಿನಹಾಳ ಸಿಗುತ್ತದೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಪತ್ತಿನ ಸಂಘ ಹೂಡಿದರು; ಏಷ್ಯಾದಲ್ಲೇ ಮೊದಲನೆಯದು ಎಂದು ನಾವು ಈಗಲೂ ಎದೆ ಉಬ್ಬಿಸುತ್ತೇವೆ. ಸೊಸೈಟಿ ಎಂಬ ಶಬ್ದ ಈ ಸೀಮೆಯ ಹೊಲಕ್ಕೆ ಇಳಿದು ನೂರು ವರ್ಷ ದಾಟಿದೆ. ಈಗ ಒಬ್ಬ ರಿಟೈರ್ಡ್ ಮಾಸ್ತರ ಬಂದು, ಸಾಲ ಕೊಡದ, ಗೊಬ್ಬರ ತರದ, ಏಡಿಯ ಕಾಲು ಎಣಿಸುವ ಸೊಸೈಟಿಯೂ ಉಂಟು ಅಂದರೆ ಯಾರು ನಂಬಬೇಕು?

ಕಾಲು ಎಣಿಸುವುದರಿಂದಲೇ ಇದೆಲ್ಲ ಶುರುವಾದದ್ದು. ಬಹಳ ಹಿಂದೆ ಒಬ್ಬ ಹುಡುಗ ಕಂಪಾಸ್ ಡಬ್ಬಿಯಲ್ಲಿ ಏಡಿ ಹಿಡಿದುಕೊಂಡು ಕ್ಲಾಸಿಗೆ ಬಂದಿದ್ದ. ಡಬ್ಬಿ ತೆರೆದುಕೊಂಡು ಏಡಿ ಹೆಣ್ಣುಮಕ್ಕಳ ಬೆಂಚಿನ ಕಡೆ ಅಡ್ಡಡ್ಡ ಓಡಿ ದೊಡ್ಡ ಗಲಾಟೆ. ನಾನು ಛಡಿ ಹಿಡಿದು ಶಾಂತಿ ಸ್ಥಾಪಿಸಿ, ಸಂದರ್ಭ ಬಿಡಬಾರದೆಂದು ಪಾಠಕ್ಕೇ ಇಳಿದೆ: "ನೋಡ್ರಿ, ಇದಕ್ಕ ಎಂಟು ಕಾಲು." ಹುಡುಗ ಎದ್ದು, "ಹತ್ತು ಸರ್. ಕೊಂಡಿ ಎರಡೂ ಕಾಲs" ಅಂದ. ಅವನನ್ನು ಕೂಡಿಸಿದೆ. ಸಂಜೆ ಮನೆಗೆ ಹೋಗಿ ಪುಸ್ತಕ ತೆಗೆದರೆ, ಏಡಿ, ಸೀಗಡಿಗಳ ಗುಂಪಿನ ಹೆಸರೇ ದಶಪಾದಿ! ಕರ್ನಾಟಕ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವನಿಗೆ ಹೆಸರಿನಲ್ಲೇ ಬರೆದಿಟ್ಟ ಲೆಕ್ಕ ನೆನಪಿರಲಿಲ್ಲ. ಮರುದಿನ ಹುಡುಗನಿಗೆ ಏನೂ ಹೇಳಲಿಲ್ಲ. ಮಾಸ್ತರರು ತಪ್ಪು ಒಪ್ಪಿಕೊಳ್ಳುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ.

ಆ ಹುಡುಗ ಈಗ ಹೊರದೇಶದಲ್ಲಿ ಏಡಿಗಳ ಸಂಶೋಧಕ. ಹೋದ ವರ್ಷ ಯುಗಾದಿಗೆ ಊರಿಗೆ ಬಂದವನು ಕಾಲಿಗೆರಗಿ, ಗುರುದಕ್ಷಿಣೆ ಎಂದು ಕ್ರಸ್ಟೇಷಿಯನ್ ಸೊಸೈಟಿಗೆ ನನ್ನ ಒಂದು ವರ್ಷದ ಚಂದಾ ತುಂಬಿ ಹೋದ. ಶಾಲು, ಹಣ್ಣಿನ ಬುಟ್ಟಿ ನಿರೀಕ್ಷಿಸಿದ್ದ ನಮ್ಮ ಮನೆಯವರಿಗೆ ನಿರಾಸೆಯಾಯಿತು. ನನಗೂ ಸ್ವಲ್ಪ ಆಯಿತೆನ್ನಿ.

ಆದರೆ ಕೊಟ್ಟ ದುಡ್ಡು ವ್ಯರ್ಥವಾಗಬಾರದೆನ್ನುವುದು ಧಾರವಾಡದ ಮಂದಿಯ ರಕ್ತದಲ್ಲಿದೆ. ಇಡೀ ವರ್ಷ ಸೊಸೈಟಿಯಿಂದ ಬಂದದ್ದನ್ನೆಲ್ಲ, ಅರ್ಥವಾಗಲಿ ಬಿಡಲಿ, ಓದಿದೆ. ಅದಕ್ಕೆ 1981ರಿಂದ ಒಂದು ಘನವಾದ ಪತ್ರಿಕೆ ಇದೆ. ಅದರಲ್ಲಿ ಸೀಗಡಿಯ ಮೀಸೆಯ ಮೇಲೆ ಹತ್ತು ಪುಟ, ಏಡಿಯ ದವಡೆಯ ಮೇಲೆ ಹದಿನೈದು. ಚಳಿಗಾಲಕ್ಕೊಂದು ಸಭೆ, ನಡುವರ್ಷದಲ್ಲೊಂದು ಸಭೆ. ಅಧ್ಯಕ್ಷರ ಮಾತು, ಪದಾಧಿಕಾರಿಗಳ ಚುನಾವಣೆ, ಚೆನ್ನಾಗಿ ಪ್ರಬಂಧ ಓದಿದ ಹುಡುಗರಿಗೆ ಬಹುಮಾನ, ತೀರಿಕೊಂಡ ಹಿರಿಯರಿಗೆ ಶ್ರದ್ಧಾಂಜಲಿ. ಓದುತ್ತ ಓದುತ್ತ ನನಗೆ ಇದು ನಮ್ಮ ಊರಿನ ಸೊಸೈಟಿಯ ವಾರ್ಷಿಕ ಸರ್ವಸಾಧಾರಣ ಸಭೆಯ ನೋಟಿಸಿನಂತೆಯೇ ಕಂಡಿತು. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಅಢಾವೆ ಪತ್ರಿಕೆ ಮಂಜೂರು ಮಾಡುವುದು, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯ. ಆಮೇಲೆ ಊಟ. ಅಲ್ಲಿಯ ಊಟದಲ್ಲಿ ಏಡಿ ಇರುತ್ತದೋ ಇಲ್ಲವೋ ಎಂದು ಶಿಷ್ಯನನ್ನು ಕೇಳಬೇಕೆಂದಿದ್ದೆ, ಸಂಕೋಚವಾಗಿ ಬಿಟ್ಟೆ.

ಸೊಸೈಟಿಯ ಸುದ್ದಿಪತ್ರದ ಹೆಸರು ಮಾತ್ರ ನನ್ನನ್ನು ಪೇಚಿಗೆ ಸಿಕ್ಕಿಸಿತು. 'ಎಕ್ಡಿಸಿಯಾಸ್ಟ್' ಎಂದು ಹೆಸರು. ಏಡಿಯು ಚಿಪ್ಪು ಕಳಚುವುದಕ್ಕೆ ಶಾಸ್ತ್ರದವರು ಎಕ್ಡಿಸಿಸ್ ಎನ್ನುತ್ತಾರೆ. ಅದರಿಂದ ಬಂದದ್ದಿರಬೇಕು ಅಂದುಕೊಂಡು ನಿಘಂಟು ತೆಗೆದರೆ ಬೇರೆಯದೇ ಕಥೆ. 1940ರಲ್ಲಿ ಅಮೆರಿಕದ ಒಬ್ಬ ನರ್ತಕಿ, ರಂಗದ ಮೇಲೆ ಒಂದೊಂದೇ ಉಡುಪು ಕಳಚಿ ಕುಣಿಯುವವಳು, ತನ್ನ ಕಸುಬಿಗೊಂದು ಮರ್ಯಾದೆಯ ಹೆಸರು ಬೇಕೆಂದು ಮೆಂಕೆನ್ ಎಂಬ ಪತ್ರಕರ್ತರನ್ನು ಕೇಳಿದಳಂತೆ. ಅವರು ಏಡಿಯ ಈ ಶಬ್ದಕ್ಕೆ ಬಾಲ ಹಚ್ಚಿ ಕೊಟ್ಟರು. ಏಡಿಯಿಂದ ನರ್ತಕಿಗೆ ಹೋದ ಶಬ್ದವನ್ನು ಏಡಿ ಪಂಡಿತರು ಕಿಲಾಡಿತನದಿಂದ ವಾಪಸು ತಂದು ಸುದ್ದಿಪತ್ರಕ್ಕಿಟ್ಟಿದ್ದಾರೆ. ವಿದ್ವಾಂಸರಿಗೆ ಹಾಸ್ಯವಿಲ್ಲ ಎನ್ನುವವರು ಕೇಳಬೇಕಾದ ಮಾತು. ನಾನು ನಿಘಂಟು ಹಿಡಿದು ನಗುತ್ತಿರುವಾಗಲೇ ನಮ್ಮ ಮನೆಯವರು ಚಹಾ ತಂದು, "ಏನದು ಅಷ್ಟು ನಗೂ ಹಂಥಾದ್ದು?" ಅಂದರು. ಅರುವತ್ತೆರಡರ ವಯಸ್ಸಿನಲ್ಲಿ ಇದನ್ನು ಹೆಂಡತಿಗೆ ಹೇಗೆ ವಿವರಿಸುವುದು? "ಬಟ್ಟಿ ಕಳಿಯೂದರ ವಿಷಯ" ಅಂದೆ. ಅವರು ಒಳಗೆ ಹೋಗಿ, ಒಗೆಯಲು ಹಾಕಬೇಕಾಗಿದ್ದ ನನ್ನ ಅಂಗಿಗಳ ಬಗ್ಗೆ ಮಾತು ತೆಗೆದರು.

ಅಂಗಿಯ ವಿಷಯವೂ ಇಲ್ಲಿಗೇ ಬರುತ್ತದೆ. ಆ ವರ್ಷ ನನ್ನ ಅಂಗಿಗಳೆಲ್ಲ ಬಿಗಿಯಾಗಿದ್ದವು. ಗರಗದಿಂದ ತಂದ ಖಾದಿ ಅಂಗಿಯೊಂದರ ಗುಂಡಿ ಸಭೆಯಲ್ಲಿ ಕೂತಲ್ಲೇ ಹಾರಿ ಮುಂದಿನ ಕುರ್ಚಿಗೆ ಬಡಿಯಿತು. ಗರಗದ ನೂಲಿನಿಂದ ರಾಷ್ಟ್ರಧ್ವಜ ನೇಯುತ್ತಾರೆ. ಅಂಥ ನೂಲು ಸೋತಿತೆಂದರೆ ಬೆಳೆದದ್ದು ನಾನೇ. ಮನುಷ್ಯ ದರ್ಜಿಯ ಹತ್ತಿರ ಹೋಗಿ ಹೊಲಿಗೆ ಬಿಚ್ಚಿಸಿಕೊಳ್ಳುತ್ತಾನೆ. ಏಡಿಗೆ ಆ ಸೌಕರ್ಯವಿಲ್ಲ. ಅದರ ಚಿಪ್ಪು ಬೆಳೆಯುವುದೇ ಇಲ್ಲ. ಮೈ ಬಿಗಿಯಾದಾಗ ಅದು ಹಳೆಯ ಚಿಪ್ಪಿನ ಸುಣ್ಣವನ್ನು ಸ್ವಲ್ಪ ಒಳಗೆ ಹೀರಿಕೊಂಡು, ಕೆಳಗೆ ಮೆತ್ತನ್ನ ಹೊಸ ಚರ್ಮ ಹೊಲಿದುಕೊಂಡು, ಬೆನ್ನ ಹಿಂದೆ ಹೊಲಿಗೆ ಬಿಟ್ಟಂತೆ ಬಿರುಕುಬಿಡುತ್ತದೆ. ಅಲ್ಲಿಂದ ಹಿಮ್ಮುಖವಾಗಿ ತನ್ನೊಳಗಿನಿಂದ ತಾನೇ ಹೊರಗೆ ಜಾರುತ್ತದೆ. ಹತ್ತು ಕಾಲೂ ಕಾಲುಚೀಲದಿಂದ ಎಳೆದಂತೆ ಬರಬೇಕು, ಕಣ್ಣಿನ ಮೇಲಿನ ಪೊರೆಯೂ ಬರಬೇಕು, ಹೊಟ್ಟೆಯ ಒಳ ಅಸ್ತರಿಯೂ ಕಳಚಬೇಕು. ಆಮೇಲೆ ನೀರು ಕುಡಿದು ಉಬ್ಬಿ, ಹೊಸ ಅಂಗಿ ಒಣಗುವುದರೊಳಗೆ ಅದನ್ನು ಒಂದು ಸೈಜು ದೊಡ್ಡದು ಮಾಡಿಕೊಳ್ಳುತ್ತದೆ. ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲೆಂದು ದೊಗಳೆ ಅಂಗಿ ಹೊಲಿಸುತ್ತಿದ್ದ ನಮ್ಮ ಅವ್ವ ಇದನ್ನು ಮೆಚ್ಚಿಕೊಳ್ಳುತ್ತಿದ್ದಳು.

ಇಷ್ಟೆಲ್ಲ ಓದಿದ ಮೇಲೆ ನನಗೂ ಏನಾದರೂ ಮಾಡಬೇಕೆನಿಸಿತು. ನಮ್ಮ ಹಳ್ಳದ ದಂಡೆಯ ಹೊಲದ ಬದುವಿನಲ್ಲಿ ಏಡಿಗಳಿವೆ. ನಮ್ಮಪ್ಪನ ಕಾಲದಿಂದಲೂ ಬದು ತೂತು ಮಾಡಿ ನೀರು ಬಿಟ್ಟುಕೊಡುವ ಕಳ್ಳರೆಂದು ಅವುಗಳ ಹೆಸರು ಕೆಟ್ಟಿದೆ. ನಾನು ಒಂದು ನೋಟುಬುಕ್ಕಿಗೆ ಕಾಗದದ ಹೊದಿಕೆ ಹಾಕಿ, 'ಉಪ್ಪಿನ ಬೆಟಗೇರಿ ಶಾಖೆ, ವಾರ್ಷಿಕ ವರದಿ' ಎಂದು ಬರೆದೆ. ಅಧ್ಯಕ್ಷ ನಾನೇ, ಕಾರ್ಯದರ್ಶಿ ನಾನೇ. ರಜೆಗೆ ಹುಬ್ಬಳ್ಳಿಯಿಂದ ಬರುವ 4ನೇ ಇಯತ್ತೆಯ ಮೊಮ್ಮಗ ಏಕೈಕ ಸದಸ್ಯ. ಕೋರಂ ಸಮಸ್ಯೆ ಬರಲಿಲ್ಲ.

ವರದಿಯ ಮೊದಲ ಪುಟಗಳು ಖಾಲಿ. ಏಪ್ರಿಲ್, ಮೇ ತಿಂಗಳಲ್ಲಿ ಎರೆಭೂಮಿ ಬಿರಿದು ಕೈ ಇಳಿಯುವಷ್ಟು ಸಂದು ಬಿಟ್ಟಾಗ, ಏಡಿಗಳು ಬಿಲದ ಬಾಯಿಗೆ ಮಣ್ಣಿನ ಬಿರಡೆ ಹಾಕಿಕೊಂಡು ತಳದ ತಂಪಿನಲ್ಲಿ ಮಲಗಿರುತ್ತವೆ. 'ಕಚೇರಿಗೆ ರಜೆ' ಎಂದು ಬರೆದೆ. ಮಿರಗದ ಮಳೆ ಎರಡು ದಿನ ಹಿಡಿದು ಹೊಡೆದ ಸಂಜೆ ಬದುವಿನ ಮೇಲೆ ಬ್ಯಾಟರಿ ಬಿಟ್ಟರೆ, ಬಿಲಕ್ಕೊಂದರಂತೆ ಎರಡು ಕಡ್ಡಿಕಣ್ಣು. ಬೆಳಕು ಬಿದ್ದೊಡನೆ ಕಣ್ಣು ಮಡಚಿ ಚಿಪ್ಪಿನ ಸಂದಿನಲ್ಲಿಟ್ಟುಕೊಂಡು, ಮತ್ತೆ ಒಂದೊಂದಾಗಿ ಎತ್ತುತ್ತವೆ, ಸೊಸೈಟಿಯ ಬಾಗಿಲು ತೆರೆಯಿತೋ ಇಲ್ಲವೋ ಎಂದು ಇಣುಕುವ ಮಂದಿಯ ಹಾಗೆ. ಆರಿದ್ರಾ ಮಳೆಯಲ್ಲಿ ಒಂದು ತಾಯಿ ಸಿಕ್ಕಿತು. ಹೊಟ್ಟೆಯ ಅಗಲ ಮಡಿಕೆಯನ್ನು ಉಡಿಯ ಹಾಗೆ ಕಟ್ಟಿಕೊಂಡಿತ್ತು. ಮೊಮ್ಮಗ ಕಡ್ಡಿಯಿಂದ ಮೆಲ್ಲಗೆ ಸರಿಸಿದರೆ ಒಳಗೆ ಜೋಳದ ಕಾಳಿಗಿಂತ ಚಿಕ್ಕ ಮರಿಗಳು ಕಿಕ್ಕಿರಿದಿದ್ದವು, ಕೊಂಡಿಸಮೇತ ಪೂರ್ತಿ ಏಡಿಗಳೇ. ಸಮುದ್ರದ ಏಡಿಮರಿ ಮೊದಲು ಏಡಿಯಂತಿರುವುದಿಲ್ಲ, ಗುರುತು ಸಿಗದ ವೇಷಗಳಲ್ಲಿ ನೀರಿನೊಳಗೆ ತೇಲಿ ತೇಲಿ ಕೊನೆಗೆ ಏಡಿಯಾಗುತ್ತದೆ. ನಮ್ಮ ಹಳ್ಳದ ಏಡಿಗೆ ಅಷ್ಟು ಪುರುಸೊತ್ತಿಲ್ಲ. ಮೊಟ್ಟೆಯೊಳಗೇ ಎಲ್ಲ ಮುಗಿಸಿ, ತಾಯಿಯ ಉಡಿಯಲ್ಲಿ ಕೆಲವು ದಿನ ಇದ್ದು, ಇಳಿದುಹೋಗುತ್ತದೆ.

ಇದು ಯಾವ ಜಾತಿಯ ಏಡಿ ಎಂದು ತಿಳಿಯಲು ಫೋಟೋ ತೆಗೆದು ಶಿಷ್ಯನಿಗೆ ಕಳಿಸಿದೆ. "ಫೋಟೋದಾಗ ಹೇಳಾಕ ಬರೂದಿಲ್ಲ ಸರ್. ಗಂಡು ಹಿಡದು, ಹೊಟ್ಟಿ ಮಡಿಕಿ ಎತ್ತಿ, ಒಳಗಿನ ಮೊದಲನೇ ಜೋಡಿ ಸಣ್ಣ ಕಡ್ಡಿ ನೋಡಬೇಕು" ಎಂದು ಉತ್ತರ ಬಂತು. ಹೆಣ್ಣಿನ ಮಡಿಕೆ ಅಗಲ, ಗಂಡಿನದು ಚೂಪಾದ ತ್ರಿಕೋನ. ಸಿಹಿನೀರಿನ ಏಡಿಯ ಕುಲಗೋತ್ರವೆಲ್ಲ ಆ ತ್ರಿಕೋನದ ಕೆಳಗಿದೆಯಂತೆ. ಒಬ್ಬ ಗೃಹಸ್ಥನ ಧೋತರ ಎತ್ತಿ ಅಡ್ಡಹೆಸರು ಕೇಳಿದ ಹಾಗೆ ಇದು. ಎರಡು ಸಲ ಪ್ರಯತ್ನಿಸಿದೆ. ಎರಡನೆಯ ಸಲ ಹೆಬ್ಬೆರಳು ಕೊಟ್ಟು ಬಿಟ್ಟುಬಿಟ್ಟೆ. ಈ ಸೀಮೆಯಲ್ಲಿ ಬಹಳ ಕಾಣುವುದು ಬ್ಯಾರಿಟೆಲ್ಫುಸಾ ಕ್ಯೂನಿಕ್ಯುಲಾರಿಸ್ ಎಂದಷ್ಟೇ ಶಿಷ್ಯ ಹೇಳಿದ. ಮೊಲದ ಹಾಗೆ ಬಿಲ ತೋಡುವುದು ಎಂದು ಅರ್ಥ. ದಖ್ಖನ್ನಿನಲ್ಲಿ ಮೋಜಣಿ ಮಾಡುತ್ತ ತಿರುಗಿದ ಕರ್ನಲ್ ಸೈಕ್ಸ್ ಒಯ್ದ ಏಡಿಗೆ ವೆಸ್ಟ್‌ವುಡ್ 1836ರಲ್ಲಿ ಇಟ್ಟ ಹೆಸರು. ನಮ್ಮಪ್ಪ ಬದುವಿನ ಮೇಲೆ ನಿಂತು ಅದಕ್ಕೆ ಇಡುತ್ತಿದ್ದ ಹೆಸರುಗಳು ಇದಕ್ಕಿಂತ ಚಿಕ್ಕವು, ಆದರೆ ಅಚ್ಚು ಹಾಕುವಂಥವಲ್ಲ.

ಹೆಸರು ಇಡುವ ಭಾಗ್ಯ ನಮ್ಮವರಿಗೂ ಬಂದಿದೆ. ಯಲ್ಲಾಪುರ ತಾಲೂಕಿನ ಬಾರೆ ಎಂಬಲ್ಲಿ ಬಿಳಿ ಮತ್ತು ಕೆನ್ನೇರಳೆ ಬಣ್ಣದ ಏಡಿ ಸಿಕ್ಕಿ, 2022ರಲ್ಲಿ ಅದಕ್ಕೆ ಘಾಟಿಯಾನಾ ದ್ವಿವರ್ಣ ಎಂದು ಹೆಸರಾಯಿತು. ಮೊದಲು ಕಂಡವರು ಅರಣ್ಯ ರಕ್ಷಕ ಪರಶುರಾಮ ಭಜಂತ್ರಿ ಮತ್ತು ಗೋಪಾಲಕೃಷ್ಣ ಹೆಗಡೆ. ಶಾಸ್ತ್ರೀಯ ಲೇಖನದಲ್ಲಿ ಅವರ ಹೆಸರು ಸಮೀರ್ ಕುಮಾರ್ ಪಾಟಿ ಮತ್ತು ತೇಜಸ್ ಠಾಕ್ರೆ ಅವರ ಹೆಸರಿನ ಜೊತೆಗೇ ಅಚ್ಚಾಗಿದೆ. ಠಾಕ್ರೆ ಎಂದರೆ ನಮ್ಮ ಕಡೆ ಬೆಳಗಾವಿ ಗಡಿಯ ಮಾತೇ ಮೊದಲು ಏಳುತ್ತದೆ. ಆದರೆ ಇವರು ಮುಂಬಯಿಯ ಆ ಮನೆತನದ ಹುಡುಗನಾಗಿ ನಮ್ಮ ಘಟ್ಟದ ಏಡಿಗೆ ಸಂಸ್ಕೃತದ ಹೆಸರಿಡಲು ಕೈಜೋಡಿಸಿದರು. ಕಟ್ಟೆಯ ಮೇಲೆ ಇದನ್ನು ಹೇಳಿದೆ. "ಏಡಿ ಯಾವ ಕಡೆ ಹೋತು?" ಎಂದರು. ಕರ್ನಾಟಕದಲ್ಲೇ ಇದೆ ಅಂದ ಮೇಲೆ ಸಮಾಧಾನವಾಯಿತು.

ಊರಿನ ಹೆಸರಲ್ಲಿ ಉಪ್ಪಿದೆ, ಸಮುದ್ರ ಮಾತ್ರ ಘಟ್ಟದಾಚೆ ಕಾರವಾರದಲ್ಲಿ. ಕಾಲೇಜಿನಲ್ಲಿದ್ದಾಗ ಒಮ್ಮೆ ನಮ್ಮನ್ನು ಅಲ್ಲಿಗೆ ಕರೆದೊಯ್ದಿದ್ದರು. ಕಾಳಿ ನದಿಯ ಅಳಿವೆಯ ಕೆಸರಿನಲ್ಲಿ ಒಂದೇ ಕೊಂಡಿ ದೊಡ್ಡದಿರುವ ಪುಟ್ಟ ಏಡಿಗಳು ನೂರಾರು ಸೇರಿ, ಬಾ ಬಾ ಎಂದು ಕೈ ಬೀಸುತ್ತಿದ್ದವು. ನನ್ನನ್ನೇ ಕರೆಯುತ್ತಿವೆ ಅಂದುಕೊಂಡು ಹೋಗಿ ಮೊಣಕಾಲವರೆಗೆ ಹೂತೆ. ಕರೆದದ್ದು ಹೆಣ್ಣುಗಳನ್ನಂತೆ. ಬಯಲುಸೀಮೆಯವನಿಗೆ ಸಮುದ್ರದ ರೀತಿರಿವಾಜು ಗೊತ್ತಾಗುವುದು ಹೀಗೇ.

ನಮ್ಮ ನೀರು ಆ ಸಮುದ್ರಕ್ಕೂ ಹೋಗುವುದಿಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಘಟ್ಟ ಇಳಿದು ಅರಬ್ಬೀ ಸಮುದ್ರ ಸೇರುತ್ತಾಳೆ. ನಮ್ಮ ಕಡೆಯ ತುಪ್ಪರಿ ಹಳ್ಳ ಮೂಡಣಕ್ಕೆ ಮುಖಮಾಡಿ ಬೆಣ್ಣೆಹಳ್ಳ ಸೇರುತ್ತದೆ. ತುಪ್ಪ ಹೋಗಿ ಬೆಣ್ಣೆಯಲ್ಲಿ ಬೀಳುವ ಸೀಮೆ ಜಗತ್ತಿನಲ್ಲಿ ಇನ್ನೊಂದಿರಲಾರದು. ಅಲ್ಲಿಂದ ಮಲಪ್ರಭೆ, ಕೂಡಲಸಂಗಮದಲ್ಲಿ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಮಗ್ಗುಲಲ್ಲಿರುವ ಉಪ್ಪು ಬಿಟ್ಟು ಅಷ್ಟು ದೂರದ ಉಪ್ಪಿಗೆ ಹೋಗುವ ನೀರು. ಆ ನೀರಿನಲ್ಲಿರುವ ಏಡಿಯ ರಕ್ತ ಮಾತ್ರ ಈಗಲೂ ಉಪ್ಪು. ಅದರ ಪೂರ್ವಜರು ಸಮುದ್ರ ಬಿಟ್ಟು ಎಷ್ಟೋ ಕಾಲವಾಗಿದೆ. ಆದರೂ ಸಿಹಿನೀರಿನಲ್ಲಿ ಕರಗಿದ ಅಷ್ಟಿಷ್ಟು ಉಪ್ಪನ್ನು ಕಿವಿರಿನಿಂದ ಹೆಕ್ಕಿ ಹೆಕ್ಕಿ ಒಳಗೆ ತುಂಬಿಕೊಳ್ಳುತ್ತಲೇ ಇರುತ್ತದೆ. ನಮ್ಮ ಊರಿಗೆ ಉಪ್ಪಿನ ಹೆಸರು ಹೇಗೆ ಬಂತೆಂದು ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ನಾನು ನೋಟುಬುಕ್ಕಿನಲ್ಲಿ ಏಡಿಯ ಕಥೆಯನ್ನೂ ಸೇರಿಸಿದೆ. ಯಾರಿಗೂ ತೋರಿಸಿಲ್ಲ.

ಹೀಗೆ ವರ್ಷ ತುಂಬುತ್ತ ಬಂದಾಗ ಆ ನವೆಂಬರಿನ ಸಭೆ. ಹಡಗು, ಬುಟ್ಟಿ, ಮುಚ್ಚಳ. ಮನೆಗೆ ಬಂದವನೇ ಅಂಗಿ ಕಳಚುತ್ತ ಮೊಮ್ಮಗನಿಗೆ ಹೇಳಿದೆ: "ಇದರ ಇತ್ಯರ್ಥ ಆಗಲೇಬೇಕು." ಚಿತ್ತಿ, ಸ್ವಾತಿ ಕಳೆದು ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದಿತ್ತು, ಹಳ್ಳದಲ್ಲಿ ಇನ್ನೂ ನೀರಿತ್ತು. ಇಬ್ಬರೂ ಹೋಗಿ ಐದು ಏಡಿ ಹಿಡಿದು ತಂದೆವು. ಐದರಲ್ಲಿ ನಾನು ಹಿಡಿದದ್ದು ಒಂದು, ಅದೂ ಮಂಕಾಗಿ ಕೂತಿತ್ತು. ಬಿದಿರಿನ ಬುಟ್ಟಿಗೆ ಹಸಿ ಹುಲ್ಲು ಹಾಕಿ, ಏಡಿ ಬಿಟ್ಟು, ಪಡಸಾಲೆಯಲ್ಲಿ ಇಟ್ಟೆವು. ಮುಚ್ಚಳ ಹಾಕಲಿಲ್ಲ. ನಮ್ಮದು ಏಡಿ ತಿನ್ನುವ ಮನೆಯಲ್ಲ. ನೆಗಡಿಗೆ ಏಡಿ ಸಾರು ಒಳ್ಳೆಯದೆಂದು ಯಾರಾದರೂ ಅಂದರೆ ಸಾಕು, ನಮ್ಮ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅಂಥವರು ಬುಟ್ಟಿಯೊಳಗೆ ಇಣುಕಿ ನೋಡಿ, "ನಿಮಗ ರಿಟೈರಾದಮ್ಯಾಗ ಸುಖಾ ಹತ್ತವಲ್ದು" ಎಂದಷ್ಟೇ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡರು.

ರಾತ್ರಿ ಹನ್ನೊಂದರ ತನಕ ಬ್ಯಾಟರಿ ಹಿಡಿದು ಕೂತೆವು. ಒಂದು ಹತ್ತಿತು, ಇನ್ನೊಂದು ಅದರ ಕಾಲು ಹಿಡಿಯಿತು, ಎರಡೂ ಬಿದ್ದವು. ಮೊಮ್ಮಗ, "ಜಗ್ಗಿತು, ಜಗ್ಗಿತು!" ಎಂದು ಕುಣಿದ. ಮತ್ತೆ ನೋಡಿದರೆ ಹಿಡಿದದ್ದು ಹತ್ತಲಿಕ್ಕೋ ಜಗ್ಗಲಿಕ್ಕೋ ತಿಳಿಯಲಿಲ್ಲ. ಬಸ್ಸಿನ ಬಾಗಿಲಲ್ಲಿ ಮುಂದಿನವರ ಅಂಗಿ ಹಿಡಿದು ಹತ್ತುವುದಿಲ್ಲವೇ ನಾವು, ಹಾಗೆಯೂ ಇತ್ತು. ನನಗೆ ತೂಕಡಿಕೆ ಬಂತು.

ಬೆಳಿಗ್ಗೆ ಎಬ್ಬಿಸಿದ್ದು ಬಚ್ಚಲಿನಿಂದ ಬಂದ ಕೂಗು. ಒಂದು ಅಲ್ಲಿ, ಮೋರಿಯ ಬಾಯಲ್ಲಿ ಕೊಂಡಿ ಎತ್ತಿ ನಿಂತಿತ್ತು. ಇನ್ನೊಂದು ಜೋಳದ ಚೀಲದ ಹಿಂದೆ. ಮೂರನೆಯದು ನನ್ನ ಚಪ್ಪಲಿಯಲ್ಲಿ, ಹೇಳಿ ಹೊಲಿಸಿದ ಹಾಗೆ ಕೂತಿತ್ತು. ಮೂರನ್ನೂ ಬಕೀಟಿಗೆ ಹಾಕಿ, ಉಳಿದವನ್ನು ಎಣಿಸಲು ಮೊಮ್ಮಗ ಬುಟ್ಟಿಯ ಹತ್ತಿರ ಕೂತ. ಎಣಿಸಿದ. ಮತ್ತೊಮ್ಮೆ ಎಣಿಸಿದ. "ಅಜ್ಜಾ, ಇದರಾಗ ಮೂರು ಅದಾವು."

ಐದು ಜಮಾ, ಮೂರು ಖರ್ಚು, ಶಿಲ್ಕು ಮೂರು. ಇಂಥ ಅಢಾವೆ ಪತ್ರಿಕೆಯನ್ನು ಯಾವ ಸರ್ವಸಾಧಾರಣ ಸಭೆಯೂ ಮಂಜೂರು ಮಾಡಲಿಕ್ಕಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದೆ. ಒಂದು ಏಡಿ ಹುಲ್ಲಿನ ಮೇಲೆ ಸೆಟೆದು ನಿಂತಿತ್ತು, ಕಣ್ಣು, ಕೊಂಡಿ, ಕಾಲು ಎಲ್ಲ ಇದ್ದವು. ಮೊಮ್ಮಗ ಹೆದರುತ್ತ ಮುಟ್ಟಿದ, ಎರಡು ಬೆರಳಲ್ಲಿ ಎತ್ತಿದ. ಒಣ ಎಲೆಯ ತೂಕವೂ ಇರಲಿಲ್ಲ. ಬೆನ್ನ ಹಿಂದೆ ಹೊಲಿಗೆ ಬಿಟ್ಟಿತ್ತು, ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತಿತ್ತು. ಅದರ ಒಡೆಯ ಬುಟ್ಟಿಯ ಮೂಲೆಯಲ್ಲಿ, ನಾನು ಹಿಡಿದಿದ್ದ ಆ ಮಂಕು ಏಡಿಯೇ, ಒಂದು ಸೈಜು ದೊಡ್ಡದಾಗಿ, ನೆನೆಸಿಟ್ಟ ಕಡಲೆಯ ಬಣ್ಣದಲ್ಲಿ ಮೆತ್ತಗೆ ಕೂತಿತ್ತು. ಬೆರಳು ಹತ್ತಿರ ಒಯ್ದರೆ ಕೊಂಡಿ ಎತ್ತಲು ನೋಡಿತು, ಎತ್ತಿದ ಕೊಂಡಿ ಹಾಗೇ ಬಾಗಿಬಿತ್ತು. ಅದರ ಪಕ್ಕದಲ್ಲಿ ಐದನೆಯದು, ಹತ್ತುವ ಯಾವ ಯೋಚನೆಯೂ ಇಲ್ಲದೆ ಹುಲ್ಲು ತಿನ್ನುತ್ತಿತ್ತು. ಅದನ್ನು ಬಕೀಟಿಗೆ ಬೇರೆ ಮಾಡಿದೆ.

"ಇದನ್ನ ಈಗ ಹಳ್ಳಕ್ಕ ಬಿಡೂಣೇನು?" ಅಂದ ಮೊಮ್ಮಗ. ಮೈ ಗಟ್ಟಿಯಾಗುವ ತನಕ ಇಲ್ಲೇ ಇರಲಿ ಅಂದೆ. ಅಷ್ಟರಲ್ಲಿ ಅಡಿಗೆಮನೆಯ ಹೊಸ್ತಿಲಲ್ಲಿ ಬೆಕ್ಕು ಬಂದು, ಬಾಲ ಸುತ್ತಿಕೊಂಡು, ಬುಟ್ಟಿಯನ್ನೇ ನೋಡುತ್ತ ಕೂತಿತು. ನಾನು ಮುಚ್ಚಳ ಹುಡುಕಲು ಎದ್ದೆ.